ಮಿಂಚದ ಸಾರು

ದೊಡ್ಡಬಳ್ಳಾಪುರ
ಮಾರ್ಗಶಿರ, ಸೋಮವಾರ ಬೆಳಗ್ಗೆ

ಚಿರಂಜೀವಿ ಪುಟ್ಟುವಿಗೆ,

ಪಕ್ಕದ ಮನೆಯ ಮಗ್ಗಗಳು ಆರು ಗಂಟೆಗೇ ಶುರುವಾಗಿವೆ. ಈ ಸದ್ದಿನಲ್ಲಿ ಫೋನಿನಲ್ಲಿ ಸಮಾಧಾನವಾಗಿ ಮಾತಾಡುವುದಕ್ಕಾಗುವುದಿಲ್ಲ, ಹೇಳಬೇಕಾದ್ದು ಬೇರೆ ತುಂಬ ಇದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೊನ್ನೆ ಶನಿವಾರ ಹೊಸಕೋಟೆಯ ಅಂಗಡಿಯಲ್ಲಿ ನಿಂತುಕೊಂಡು ಒಂದರ ಹಿಂದೊಂದು ವಿಡಿಯೋ ಕಳಿಸಿದೆಯಲ್ಲ, ಎಲ್ಲವನ್ನೂ ಪೂರ್ತಿ ನೋಡಿದೆ. ಒಬ್ಬರು ರಿಫೈನ್ಡ್ ಎಣ್ಣೆ ವಿಷ ಅನ್ನುತ್ತಾರೆ. ಇನ್ನೊಬ್ಬರು ತೆಂಗಿನೆಣ್ಣೆ ಬಿಟ್ಟು ಬೇರೇನೂ ಮುಟ್ಟಬೇಡಿ ಅನ್ನುತ್ತಾರೆ. ಒಬ್ಬ ಹುಡುಗ ಲೋಟದಲ್ಲಿ ತುಪ್ಪ ಕುಡಿದು ತೋರಿಸುತ್ತಾನೆ, ಮತ್ತೊಬ್ಬಳು ಒಗ್ಗರಣೆಯನ್ನೂ ನೀರಿನಲ್ಲೇ ಹಾಕುತ್ತಾಳೆ. ಕೊನೆಗೆ ನೀನು ಕೇಳಿದ್ದು ಒಂದೇ ಸಾಲು: "ಅಜ್ಜಿ, ಯಾವ ಎಣ್ಣೆ ತಗೊಳ್ಳಲಿ?" ಕಡಲೆಕಾಯಿ ಎಣ್ಣೆ ಒಂದು ಲೀಟರ್ ತಗೋ ಅಂದುಬಿಟ್ಟೆ. ಅಂಗಡಿ ಮುಂದೆ ನಿಂತವನಿಗೆ ಅಷ್ಟು ಸಾಕಿತ್ತು, ಆದರೆ ಪೂರ್ತಿ ಉತ್ತರ ಅದಲ್ಲ.

ಮೊದಲಿಗೆ ಒಂದು ಮಾತು ಹೇಳಿಬಿಡುತ್ತೇನೆ. ನೀನು ಅಡುಗೆ ಮಾಡುತ್ತಿದ್ದೀಯ ಅನ್ನೋದೇ ನನಗೆ ದೊಡ್ಡ ಸಂತೋಷ. ನಮ್ಮ ಮನೆಯಲ್ಲಿ ಗಂಡಸರು ಒಲೆ ಹಚ್ಚಿದ್ದನ್ನು ನಾನು ಕಂಡಿಲ್ಲ. ನಿಮ್ಮ ತಾತ ಅಷ್ಟು ಒಳ್ಳೆಯವರು, ಆದರೂ ಕಾಫಿ ಬೆರೆಸುವುದಕ್ಕೂ ಯಾರಾದರೂ ಬರಲಿ ಅಂತ ಕಾಯುತ್ತಿದ್ದರು. ನೀನು, ನಿನ್ನ ಇಬ್ಬರು ಗೆಳೆಯರು ಶಿಫ್ಟು ಮುಗಿಸಿ ಬಂದು ಈರುಳ್ಳಿ ಹೆಚ್ಚಿಕೊಂಡು ಕೂರುತ್ತೀರಿ. ನಿಮ್ಮನ್ನು ಅಲ್ಲಿ ಕೂರಿಸಿದ್ದು ಈ ವಿಡಿಯೋಗಳೇ. ಅದಕ್ಕೆ ನಾನು ಅವನ್ನು ಬಯ್ಯುವುದಿಲ್ಲ.

ಮುಖ ನೋಡದವರಿಗೂ ಅಡುಗೆ ಹೇಳಿಕೊಡುವ ಆಸೆ ಕನ್ನಡದಲ್ಲಿ ಹಳೆಯದು. ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಮಳೆ, ಬಾವಿ, ಗಿಡಮರದ ಆರೈಕೆಯ ಜೊತೆ ಅಡುಗೆಗೂ ಒಂದು ಅಧ್ಯಾಯ ಇದೆ. ಅದಾಗಿ ಸುಮಾರು ಐನೂರು ವರ್ಷಕ್ಕೆ ಮೂರನೆಯ ಮಂಗರಸ 'ಸೂಪಶಾಸ್ತ್ರ' ಅಂತ ಅಡುಗೆಗೇ ಒಂದು ಕಾವ್ಯ ಬರೆದ, ಅದೂ ಷಟ್ಪದಿಯಲ್ಲಿ. ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿಸುವಾಗೆಲ್ಲ ಮಕ್ಕಳಿಗೆ ಇದನ್ನು ಹೇಳುತ್ತಿದ್ದೆ, ತರಗತಿಗೆ ತರಗತಿಯೇ ಕಿವಿ ನಿಮಿರಿಸಿ ಕೂರುತ್ತಿತ್ತು. ಹಾಡಿನ ಲಯ ಇದ್ದರೆ ಮರೆಯುವುದಿಲ್ಲ. ನೀನು ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಎಳೆದು ಮತ್ತೆ ನೋಡುವುದೂ ಮರೆಯಬಾರದು ಅಂತಲೇ ಅಲ್ಲವಾ?

ಆದರೆ ಕ್ಯಾಮೆರಾಗೆ ಒಂದು ಚಪಲ ಇದೆ, ಅದನ್ನು ನೀನು ಗಮನಿಸಬೇಕು. ಎಣ್ಣೆ ಮಿಂಚುತ್ತದೆ. ದೀಪದ ಬೆಳಕು ಬಿದ್ದರೆ ಕೆಂಪಗೆ ಹೊಳೆಯುತ್ತದೆ, ನೋಡಿದವರ ಬಾಯಲ್ಲಿ ನೀರೂರುತ್ತದೆ. ನೀನು ಕಳಿಸಿದ ಅಡುಗೆಗಳಲ್ಲಿ ಎಣ್ಣೆ ಹುಯ್ಯುವ ಜಾಗ ಬಂದಾಗೆಲ್ಲ ಕ್ಯಾಮೆರಾ ಹತ್ತಿರ ಹೋಗಿ ನಿಂತಿದೆ. "ಎರಡು ಚಮಚ" ಅಂತ ಬಾಯಲ್ಲಿ ಹೇಳುತ್ತಾರೆ, ಕೈ ಸೌಟು ಹಿಡಿದಿರುತ್ತದೆ. ಒಂದು ಬದನೆಕಾಯಿ ಎಣ್ಣೆಗಾಯಿಗೆ ನಾಲ್ಕು ಸೌಟು ಬಿತ್ತು, ಎಣಿಸಿದ್ದೇನೆ.

ನಮ್ಮ ಬಸ್ಸಾರು ಮಿಂಚುವುದಿಲ್ಲ. ಮಸ್ಸೊಪ್ಪು, ಉಪ್ಪುಸಾರು ಮಿಂಚುವುದಿಲ್ಲ. ಮುದ್ದೆಗಂತೂ ಎಣ್ಣೆಯ ಸೋಂಕೇ ಇಲ್ಲ. ಈ ಕೆಂಪು ಮಣ್ಣಿನ ಸೀಮೆಯ ಊಟ ವಿಡಿಯೋದಲ್ಲಿ ಮಣ್ಣಿನ ಬಣ್ಣದ್ದೇ ಒಂದು ರಾಶಿಯ ಹಾಗೆ ಕಾಣುತ್ತದೆ, ಯಾರೂ ನಿಂತು ನೋಡುವುದಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ನೀವು ಸಾಲು ನಿಲ್ಲುತ್ತೀರಲ್ಲ ಹೊಸಕೋಟೆಯ ಆ ದಮ್ ಬಿರಿಯಾನಿಗೆ, ಕತ್ತಲಲ್ಲಿ ಸೌದೆ ಉರಿಯುವುದು, ಹಂಡೆಯ ಬಾಯಿ ತೆಗೆದಾಗ ಆವಿ ಏಳುವುದು, ಅದೆಲ್ಲ ನೋಡುವುದಕ್ಕೇ ಸೊಗಸು. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುತ್ತಾರಂತೆ. ಹೋಗು, ತಿನ್ನು, ವಯಸ್ಸಿನ ಹುಡುಗ. ತಿಂಗಳಿಗೊಂದು ಭಾನುವಾರದ ಊಟವನ್ನು ಬುಧವಾರದ ರಾತ್ರಿ ರೂಮಿನಲ್ಲಿ ಮಾಡಿಕೊಳ್ಳುವುದಕ್ಕೆ ಹೋಗಬೇಡ ಅನ್ನುವುದಷ್ಟೇ ನನ್ನ ಮಾತು.

ಇನ್ನು ಎಣ್ಣೆಯ ಲೆಕ್ಕಕ್ಕೆ ಬರುತ್ತೇನೆ. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ, ನೀನು ಕೈಗೂಸು ಆಗ.

2003ರಲ್ಲಿ ನಿಮ್ಮ ತಾತನಿಗೆ ಎದೆನೋವು ಬಂತು. ಅದಕ್ಕೂ ಹತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಎಣ್ಣೆ ಬದಲಾಗಿತ್ತು. ಚಿಕ್ಕವಳಿದ್ದಾಗ ಗಾಣದ ಎಣ್ಣೆ, ಮದುವೆಯಾದ ಹೊಸದರಲ್ಲಿ ಹಬ್ಬಕ್ಕೆ ಡಾಲ್ಡಾ, ಆಮೇಲೆ ರೇಷನ್ನಿನ ಪಾಮೋಲಿನ್, ಕೊನೆಗೆ ತಗಡಿನ ಡಬ್ಬದ ಸೂರ್ಯಕಾಂತಿ. ಆ ಡಬ್ಬದ ಮೇಲೆ ಕೊಲೆಸ್ಟ್ರಾಲ್ ಇಲ್ಲ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ಓದಿ ನಾನು ನಿಶ್ಚಿಂತಳಾದೆ. ಶನಿವಾರ ವಡೆ, ಭಾನುವಾರ ಪೂರಿ, ದಿನಾ ಸಂಜೆ ಏನಾದರೂ ಒಂದು ಕರಿದದ್ದು. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ ಪುಟ್ಟು. ಕಡಲೆಕಾಯಿಯಲ್ಲಿ ಇಲ್ಲ, ಎಳ್ಳಿನಲ್ಲಿ ಇಲ್ಲ, ತಾಳೆಯಲ್ಲೂ ಇಲ್ಲ. ಹಸುವಿಗೆ ಕೊಂಬಿದೆ ಅಂದಷ್ಟೇ ಸತ್ಯ ಆ ಮಾತು. ಅಷ್ಟು ಓದಿದವಳು, ಅದನ್ನು ಯಾರನ್ನಾದರೂ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಆಸ್ಪತ್ರೆಯಲ್ಲಿ ಊಟದ ಪಥ್ಯ ಹೇಳಲು ಒಬ್ಬ ಹುಡುಗಿ ಬಂದಳು. ಯಾವ ಎಣ್ಣೆ ಬಳಸುತ್ತೀರಿ ಅಂತ ಕೇಳುತ್ತಾಳೆ ಅಂದುಕೊಂಡು ಕಂಪನಿಯ ಹೆಸರು ಹೇಳಲು ಬಾಯಿ ತೆಗೆದೆ. ಅವಳು ಕೇಳಿದ್ದು ಬೇರೆ: "ಅಮ್ಮಾ, ಮನೆಯಲ್ಲಿ ಎಷ್ಟು ಜನ? ಒಂದು ಡಬ್ಬ ಎಷ್ಟು ದಿನ ಬರುತ್ತೆ?" ಆರು ಜನ, 15 ಕೆಜಿ ಡಬ್ಬ ಎರಡು ತಿಂಗಳು ಅಂದೆ. ಲೆಕ್ಕ ಹಾಕಿ ಅಂತ ಪೆನ್ನು ಕೊಟ್ಟಳು. ಔಷಧಿ ಚೀಟಿಯ ಹಿಂದೆ ಭಾಗಿಸಿದೆ. ಒಬ್ಬೊಬ್ಬರಿಗೆ ದಿನಕ್ಕೆ 40 ಗ್ರಾಂ ದಾಟಿತು. ಕೂತು ಕೆಲಸ ಮಾಡುವ ಗಂಡಸಿಗೆ 25, ಹೆಂಗಸಿಗೆ 20 ಗ್ರಾಂ ಸಾಕು ಅನ್ನುತ್ತಾರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು. ಬೆಣ್ಣೆ, ತುಪ್ಪ ಎಲ್ಲ ಸೇರಿ ಅಷ್ಟು. ಆ ಚೀಟಿ ಹಿಡಿದುಕೊಂಡು ವಾರ್ಡಿನ ಹೊರಗೆ ಬೆಂಚಿನ ಮೇಲೆ ಎಷ್ಟೋ ಹೊತ್ತು ಕೂತಿದ್ದೆ. ಬೀಡಿ, ಚಿಂತೆ, ವಯಸ್ಸು, ತಾತನಿಗೆ ಬೇರೆ ಕಾರಣಗಳೂ ಇದ್ದವು ಅಂತ ಡಾಕ್ಟರು ಆಮೇಲೆ ಹೇಳಿದರು. ಆದರೂ ಆ ಭಾಗಾಕಾರ ನನ್ನ ಕೈಯಿಂದಲೇ ಆದದ್ದು, ಮರೆಯಲಾಗಲಿಲ್ಲ.

ಮಾರನೆಯ ತಿಂಗಳಿಂದ ತಗಡಿನ ಡಬ್ಬ ನಿಂತಿತು. ಆರು ಜನಕ್ಕೆ ತಿಂಗಳಿಗೆ 5 ಲೀಟರ್. ಒಂದನೇ ತಾರೀಕು ಬಂದದ್ದು ಮುಗಿದರೆ ಮತ್ತೆ ತರುವುದಿಲ್ಲ ಅಂತ ನಿಯಮ. ಮೊದಲನೆಯ ತಿಂಗಳು 22ಕ್ಕೇ ಮುಗಿಯಿತು, ಉಳಿದ ದಿನವೆಲ್ಲ ಉಪ್ಪುಸಾರು, ಹುರುಳಿ ಕಟ್ಟು. ಮೂರನೆಯ ತಿಂಗಳಿಗೆ ಡಬ್ಬಿಯಲ್ಲಿ ಎಣ್ಣೆ ಮಿಕ್ಕಿತ್ತು. ತಾತ ಅದಾದ ಮೇಲೆ 11 ವರ್ಷ ನಮ್ಮ ಜೊತೆ ಇದ್ದರು.

ನಿಮ್ಮದು ಮೂರು ಜನ. ಮೂರು ಹೊತ್ತೂ ರೂಮಿನಲ್ಲೇ ಬೇಯಿಸಿದರೆ ತಿಂಗಳಿಗೆ ಎರಡೂವರೆ ಲೀಟರ್ ಆಗುತ್ತದೆ. ನೀವು ಬೆಳಗ್ಗೆ ಹೋಟೆಲು, ಮಧ್ಯಾಹ್ನ ಕ್ಯಾಂಟೀನು. ಅಲ್ಲಿಯ ಎಣ್ಣೆ ಅಳೆಯುವುದಕ್ಕೆ ಬರುವುದಿಲ್ಲ, ಆದ್ದರಿಂದ ರೂಮಿಗೆ ಒಂದು ಲೀಟರ್, ಹೆಚ್ಚೆಂದರೆ ಒಂದೂಕಾಲು. ಪ್ಯಾಕೆಟ್ ಕೊಳ್ಳುವಾಗ ಗ್ರಾಂ ಎಷ್ಟು ಅಂತ ನೋಡು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಲೀಟರಿನ ಹಾಗೇ ಕಾಣುವ ಸಣ್ಣ ಪ್ಯಾಕೆಟ್‌ಗಳು ಬಂದಿವೆ, ಅಗ್ಗ ಅಂದುಕೊಂಡು ಮೋಸ ಹೋಗಬೇಡ.

ಯಾವುದು ಅನ್ನುವುದಕ್ಕೂ ಹೇಳುತ್ತೇನೆ. ನಿನಗಿಷ್ಟವಾದ ಆ ಕಾಸರಗೋಡಿನ 'ಭಟ್ ಎನ್ ಭಟ್' ಚಾನೆಲಿನವರು ತೆಂಗಿನೆಣ್ಣೆಯಲ್ಲಿ ಹಲಸಿನಕಾಯಿ ಮಾಡಿದರೆ ಅದು ಸರಿಯೇ, ಆ ಕಡೆ ತೆಂಗು ಮನೆಯ ಅಂಗಳದಲ್ಲಿದೆ. ನಮ್ಮ ಕಡೆಯ ನಾಲಗೆಗೆ ಹೊಂದುವುದು ಕಡಲೆಕಾಯಿ ಎಣ್ಣೆ. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಒಂದು ತಿಂಗಳು ಕಡಲೆಕಾಯಿ, ಇನ್ನೊಂದು ತಿಂಗಳು ಸೂರ್ಯಕಾಂತಿಯೋ ಅಕ್ಕಿ ತೌಡಿನದೋ ತಂದುಕೋ. ಬೇಕಾದ ಕೊಬ್ಬಿನಂಶವೆಲ್ಲ ಯಾವ ಒಂದು ಎಣ್ಣೆಯಲ್ಲೂ ಇರುವುದಿಲ್ಲ, ಬದಲಾಯಿಸುವುದು ಒಳ್ಳೆಯದು ಅಂತ ಆಸ್ಪತ್ರೆಯ ಆ ಹುಡುಗಿಯೇ ಹೇಳಿದ್ದು. ರಿಫೈನ್ಡ್ ವಿಷವಲ್ಲ. ಅದರ ಬಣ್ಣ, ವಾಸನೆ ತೆಗೆದಿರುತ್ತಾರೆ, ಕಾವು ಚೆನ್ನಾಗಿ ತಡೆಯುತ್ತದೆ. ವಾಸನೆ ಇಲ್ಲದ್ದರಿಂದಲೇ ಎಷ್ಟು ಹುಯ್ದೆವು ಅಂತ ಮೂಗಿಗೆ ಗೊತ್ತಾಗದೆ ಹೋಗುತ್ತದೆ, ನನ್ನ ತಕರಾರು ಅಷ್ಟೇ.

ಗಾಣದ ಎಣ್ಣೆ ಒಂದು ಚಮಚ ಬಾಣಲೆಗೆ ಬಿದ್ದರೆ ಬೀದಿಗೆ ಗೊತ್ತಾಗುತ್ತದೆ. ಹೋದ ತಿಂಗಳು ಇಲ್ಲೇ ಪೇಟೆಯ ಮರದ ಗಾಣಕ್ಕೆ ಹೋಗಿದ್ದೆ. ಈಗ ಎತ್ತಿಲ್ಲ, ಮೋಟಾರು ತಿರುಗಿಸುತ್ತದೆ. ಒರಳಿಗೆ ಕಡಲೆಬೀಜ ಸುರಿದು, ಮರದ ದಿಂಡು ಸುತ್ತು ಹೊಡೆಯುತ್ತಿದ್ದ ಹಾಗೆ ಅಂಗೈಯಿಂದ ಒಂದಿಷ್ಟು ನೀರು ಚಿಮುಕಿಸಿದರು. ಮೊದಲು ಪುಡಿಯಾಯಿತು, ಆಮೇಲೆ ಮುದ್ದೆಯಾಯಿತು, ಆ ಮುದ್ದೆಯ ಪಕ್ಕದಲ್ಲಿ ಬೆವರಿನ ಹಾಗೆ ಎಣ್ಣೆ ಮೂಡಿ ನಿಧಾನಕ್ಕೆ ಕೆಳಗಿನ ಪಾತ್ರೆಗೆ ದಾರ ಕಟ್ಟಿತು. ಮಿಕ್ಕ ಹಿಂಡಿಗೆ ದನ ಕಟ್ಟಿದವರು ಹೊರಗೆ ಕಾದಿದ್ದರು, ಘಾಟಿಯ ದನದ ಜಾತ್ರೆಗೆ ಎತ್ತು ಮೇಯಿಸಬೇಕಲ್ಲ. ಸುಮಾರು ಎರಡೂವರೆ ಕೆಜಿ ಬೀಜ ಆಡಿದರೆ ಒಂದು ಕೆಜಿ ಎಣ್ಣೆ. ಈ ಲೆಕ್ಕ ತಲೆಯಲ್ಲಿಟ್ಟುಕೋ. ಹಿಂಡಿ ಮಾರಿದ ದುಡ್ಡು ಕಳೆದರೂ ಎರಡೂವರೆ ಕೆಜಿ ಬೀಜದ ಬೆಲೆಗಿಂತ ತೀರ ಅಗ್ಗವಾಗಿ ಯಾರಾದರೂ ಗಾಣದ ಎಣ್ಣೆ ಅಂತ ಬಾಟಲಿ ಕೊಟ್ಟರೆ, ಅದರೊಳಗೆ ಬೇರೆ ಏನೋ ಸೇರಿದೆ. ಸೀಲಿಲ್ಲದ ಬಿಡಿ ಎಣ್ಣೆಯಂತೂ ಬೇಡವೇ ಬೇಡ.

ಕರಿದ ಎಣ್ಣೆಯನ್ನು ಇಟ್ಟುಕೊಂಡು ಮತ್ತೆ ಮತ್ತೆ ಕರಿಯಬೇಡ. ಹಾಗೆ ಕಾದು ಕಾದು ಎಣ್ಣೆ ಒಡೆದರೆ ಕೆಟ್ಟ ಪದಾರ್ಥಗಳು ಹುಟ್ಟುತ್ತವೆ. ಹೋಟೆಲಿನವರಿಗೂ 2018ರಿಂದ ಅದಕ್ಕೊಂದು ಮಿತಿ ಹಾಕಿದ್ದಾರೆ. ಸ್ವಲ್ಪವೇ ಹಾಕಿ ಕರಿ, ಮಿಕ್ಕದ್ದನ್ನು ಎರಡು ದಿನದೊಳಗೆ ಪಲ್ಯಕ್ಕೆ ಮುಗಿಸು. ಕಪ್ಪಾಗಿದ್ದರೆ, ನೊರೆ ಬಂದರೆ, ಕಮಟು ಹೊಡೆದರೆ ಮುಲಾಜಿಲ್ಲದೆ ಚೆಲ್ಲು.

ಈಗ ನನ್ನ ಮನಸ್ಸಿನಲ್ಲಿರುವುದು ಹೇಳುತ್ತೇನೆ. ನಾನು ಹುಡುಗಿಯಾಗಿದ್ದಾಗ ನಮ್ಮ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರು. ಅವರೆ, ತೊಗರಿ, ಹರಳು, ಸಾಸಿವೆ, ಅಂಚಿಗೆ ಹುಚ್ಚೆಳ್ಳು. ಅದು ಹೂಬಿಟ್ಟರೆ ಹೊಲಕ್ಕೆ ಹಳದಿ ಅಂಚಿನ ಸೀರೆ ಉಡಿಸಿದ ಹಾಗೆ. ಮನೆಯ ಎಣ್ಣೆ ಆ ಅಂಚಿನಿಂದಲೇ ಬರುತ್ತಿತ್ತು, ಆದ್ದರಿಂದ ಅದು ಎಷ್ಟಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಈಗ ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದ ವಾರವೇ ನಮ್ಮ ಬೀದಿಯ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ಹುಚ್ಚೆಳ್ಳಿನ ಅಂಚು ಹೋಯಿತು, ಹೊಲಗಳೂ ಎಷ್ಟೋ ಹೋದವು. ನೀನು ದೇವನಹಳ್ಳಿ ಮೇಲೆ ಬರುವಾಗ ನೋಡುತ್ತೀಯಲ್ಲ, ಲೇಔಟ್ ಕಲ್ಲು ನೆಟ್ಟ ಜಾಗವೆಲ್ಲ ರಾಗಿ ಬೆಳೆದದ್ದು.

ಆದರೆ ಕಾಳು ಇನ್ನೂ ಸಿಗುತ್ತದೆ. ನಿನಗೆ ಕಾಲು ಕೆಜಿ ಹುಚ್ಚೆಳ್ಳು ಪುಡಿ ಮಾಡಿಟ್ಟಿದ್ದೇನೆ. ನೀನೇ ಮಾಡಿಕೊಳ್ಳುವುದಾದರೆ ಹೀಗೆ. ಹುಚ್ಚೆಳ್ಳನ್ನು ಎರಡು ಸಲ ಕೇರಿ ಮರಳು ತೆಗೆ. ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿ. ಮೊದಲು ಏನೂ ಆಗುವುದಿಲ್ಲ, ಅವಸರ ಮಾಡಬೇಡ. ಸ್ವಲ್ಪ ಹೊತ್ತಿಗೆ ಚಟಪಟ ಅನ್ನುತ್ತದೆ, ಕಪ್ಪು ಕಾಳಿನ ಮೇಲೆ ಸಣ್ಣ ಹೊಳಪು ಬರುತ್ತದೆ, ಎಣ್ಣೆಯ ಪರಿಮಳ ಏಳುತ್ತದೆ. ಆಗ ಇಳಿಸು, ಅರೆಗಳಿಗೆ ಮೀರಿದರೆ ಕಹಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಹುಣಸೆ, ಉಪ್ಪು ಸೇರಿಸಿ ತರಿತರಿಯಾಗಿ ಪುಡಿ ಮಾಡು. ಬದನೆಕಾಯಿ ಪಲ್ಯ ಇಳಿಸುವ ಮುಂಚೆ ಎರಡು ಚಮಚ ಉದುರಿಸಿದರೆ ಒಗ್ಗರಣೆಗೆ ಒಂದೇ ಚಮಚ ಎಣ್ಣೆ ಸಾಕು, ಜಿಡ್ಡಿನ ರುಚಿ ಕಾಳಿನಿಂದಲೇ ಬರುತ್ತದೆ. ಆ ನಾಲ್ಕು ಸೌಟಿನ ಎಣ್ಣೆಗಾಯಿಯ ಪಕ್ಕದಲ್ಲಿಟ್ಟು ನಿನ್ನ ಗೆಳೆಯರಿಗೆ ಬಡಿಸಿ ನೋಡು, ಏನಂದರು ಅಂತ ನನಗೆ ಬರಿ.

ಅವರೆಕಾಯಿ ಶುರುವಾಗಿದೆ, ಸೊಗಡು ಇನ್ನೂ ಪೂರ್ತಿ ಏರಿಲ್ಲ. ಇನ್ನೆರಡು ವಾರ ಇಬ್ಬನಿ ಬಿದ್ದರೆ ಸರಿಹೋಗುತ್ತದೆ. ಆ ಹೊತ್ತಿಗೆ ರಜೆ ಹಾಕಿ ಬಾ, ಗೆಳೆಯರನ್ನೂ ಕರೆದುಕೊಂಡು ಬಾ. ನಾಲ್ಕು ಜನ ಕೂತು ಕಾಳು ಹಿದುಕಿದರೆ ಅರ್ಧ ಗಂಟೆಯ ಕೆಲಸ. ವಾಪಸ್ಸು ಹೋಗುವಾಗ ಗಾಣದ ಎಣ್ಣೆ ಒಂದು ಲೀಟರ್ ತುಂಬಿಸಿ ಕೊಡುತ್ತೇನೆ. ಹೋದ ಸಲ ಕೊಟ್ಟ ಸ್ಟೀಲ್ ಡಬ್ಬಿ ತೊಳೆದು, ಬಿಸಿಲಲ್ಲಿ ಬೋರಲು ಹಾಕಿ ಒಣಗಿಸಿ ತಾ. ಒಳಗೆ ಒಂದು ತೊಟ್ಟು ನೀರು ಉಳಿದಿದ್ದರೂ ಎಣ್ಣೆ ಕೆಡುತ್ತದೆ.

ಇಂತಿ ನಿನ್ನ ಪ್ರೀತಿಯ
ಅಜ್ಜಿ