ಡಾಬರ್‌ಮನ್ ಮರಿಗೆ ಬಾಲ ಇರಲಿ ಅಂತ ಮೊದಲೇ ಹೇಳಿ

ತೋಟದ ಕಾವಲಿಗೆ ಡಾಬರ್‌ಮನ್ ಅಥವಾ ರಾಟ್‌ವೀಲರ್ ಮರಿ ತರಬೇಕು ಅಂತ ಹೊರಟಿರುವ ಯುವ ರೈತರು ಈಗ ಬಹಳ ಜನ ಸಿಗ್ತಾರೆ. ಪಂಪ್‌ಸೆಟ್ ಕೇಬಲ್ ಕಳವು, ಅಡಿಕೆ ಕಳವು, ರಾತ್ರಿ ಹಂದಿ ಕಾಟ, ಕಾರಣ ಬೇಕಾದಷ್ಟಿವೆ. ಮರಿಯ ಬೆಲೆ ಎಷ್ಟು, ಲಸಿಕೆ ಆಗಿದೆಯಾ, ಏನು ತಿನ್ನಿಸಬೇಕು, ಎಲ್ಲಾ ವಿಚಾರಿಸ್ತಾರೆ. ಬಾಲದ ಬಗ್ಗೆ ಮಾತ್ರ ಯಾರೂ ಕೇಳಲ್ಲ. ಮೊಬೈಲಿಗೆ ಬಂದ ಫೋಟೋದಲ್ಲಿ ಬಾಲ ಇದ್ದರೆ ತಾನೇ ಕೇಳೋದು! ಡಾಬರ್‌ಮನ್ ಹುಟ್ಟೋದೇ ಮೋಟು ಬಾಲದಿಂದ ಅಂತ ನಂಬಿರುವವರೂ ಇದ್ದಾರೆ.

ಹುಟ್ಟುವಾಗ ಅದಕ್ಕೆ ಪೂರ್ತಿ ಉದ್ದದ ಬಾಲ ಇರುತ್ತೆ, ಕಿವಿಯೂ ಜೋತು ಬಿದ್ದಿರುತ್ತೆ. ನಾವು ನೋಡುವ ರೂಪ ಕತ್ತರಿಯಿಂದ ಬಂದದ್ದು. ಸಾಮಾನ್ಯವಾಗಿ ಮರಿಗೆ ಮೂರರಿಂದ ಐದು ದಿನ ಆಗಿರುವಾಗಲೇ, ಕಣ್ಣು ಬಿಡುವ ಮೊದಲೇ, ಬಾಲ ಕತ್ತರಿಸಿ ಬಿಡ್ತಾರೆ. ಇಲ್ಲವೇ ಬುಡಕ್ಕೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕ್ತಾರೆ; ರಕ್ತ ಸಂಚಾರ ನಿಂತು ಕೆಲವು ದಿನದಲ್ಲಿ ಬಾಲ ಒಣಗಿ ಉದುರುತ್ತೆ. ಎರಡೂ ವಿಧಾನದಲ್ಲಿ ಅರಿವಳಿಕೆ ಕೊಡುವುದು ಅಪರೂಪ.

"ಅಷ್ಟು ಎಳೆ ಮರಿಗೆ ನೋವು ಗೊತ್ತಾಗಲ್ಲ" ಅನ್ನೋದು ಮಾರುವವರ ಮಾತು. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಾಲ ಕತ್ತರಿಸುವಾಗ 50 ಮರಿಗಳನ್ನು ಗಮನಿಸಿದರು. ಎಲ್ಲಾ ಮರಿಗಳೂ ಕಿರುಚಿದವು. ಆಶ್ಚರ್ಯವೇನಿಲ್ಲ. ಬಾಲ ಅಂದ್ರೆ ಬೆನ್ನುಮೂಳೆಯ ಮುಂದುವರಿಕೆ. ಅದರೊಳಗೆ ಮೂಳೆ, ಸ್ನಾಯು, ನರ, ರಕ್ತನಾಳ ಎಲ್ಲಾ ಇವೆ. ಕೆಲವು ನಾಯಿಗಳಲ್ಲಿ ಕತ್ತರಿಸಿದ ನರದ ತುದಿ ಗಂಟುಕಟ್ಟಿ, ದೊಡ್ಡದಾದ ಮೇಲೂ ಆ ಜಾಗ ನೋಯುತ್ತೆ. ತೋಟಗಾರಿಕೆ ಓದಿದವನಾಗಿ ಒಂದು ಮಾತು: ದಾಳಿಂಬೆ, ದ್ರಾಕ್ಷಿಗೆ ಚಾಟನಿ ಮಾಡಿದ್ರೆ ಹೊಸ ಚಿಗುರು ಬರುತ್ತೆ. ಬಾಲ ಚಿಗುರಲ್ಲ.

ಈ ಪದ್ಧತಿ ಹಳೆಯದು, ಮತ್ತು ಮೊದಲಿಗೆ ಬರೆದವರಲ್ಲಿ ಒಬ್ಬ ಕೃಷಿ ಲೇಖಕನೇ! ಒಂದನೇ ಶತಮಾನದ ರೋಮ್‌ನ ಕೊಲುಮೆಲ್ಲಾ ತನ್ನ ಬೇಸಾಯದ ಪುಸ್ತಕದಲ್ಲಿ, ಮರಿ ಹುಟ್ಟಿ ನಲವತ್ತು ದಿನಕ್ಕೆ ಬಾಲದ ತುದಿ ಕಚ್ಚಿ ತೆಗೆದರೆ ಹುಚ್ಚು ಹಿಡಿಯಲ್ಲ ಅಂತ ಬರೆದ. ರೇಬೀಸ್ ಬರುವುದು ವೈರಸ್‌ನಿಂದ ಅಂತ ಇವತ್ತು ಶಾಲೆ ಮಕ್ಕಳಿಗೂ ಗೊತ್ತು. ಕಾರಣ ಬಿದ್ದುಹೋಯ್ತು, ಕತ್ತರಿ ಮಾತ್ರ ಉಳಿಯಿತು. ಆಮೇಲೆ ಬೇರೆ ಬೇರೆ ಕಾರಣಗಳು ಬಂದವು: ಜಗಳದಲ್ಲಿ ಎದುರಾಳಿ ಬಾಲ ಹಿಡಿಯಬಾರದು, ಬೇಟೆಯಲ್ಲಿ ಗಾಯ ಆಗಬಾರದು, ಕೊನೆಗೆ "ತಳಿಯ ಲಕ್ಷಣ".

ಇದರಲ್ಲಿ ಗಂಭೀರವಾಗಿ ತೆಗೆದುಕೊಳ್ಳಬೇಕಾದ ವಾದ ಒಂದೇ, ಬೇಟೆಯ ಗಾಯದ್ದು. ಇದರ ಬಗ್ಗೆ ಬ್ರಿಟನ್‌ನಲ್ಲಿ ಲೆಕ್ಕವೇ ಹಾಕಿದ್ದಾರೆ, ಸ್ವಲ್ಪ ನಿಧಾನವಾಗಿ ನೋಡೋಣ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಶು ಆಸ್ಪತ್ರೆಗಳಿಗೆ ಬಂದ 1,38,212 ನಾಯಿಗಳ ದಾಖಲೆ ತೆಗೆದರು. ಬಾಲಕ್ಕೆ ಗಾಯ ಆಗಿದ್ದು 281 ನಾಯಿಗಳಿಗೆ. ಒಂದು ಗಾಯ ತಪ್ಪಿಸಲು ಸುಮಾರು 500 ಮರಿಗಳ ಬಾಲ ಕತ್ತರಿಸಬೇಕಾಗುತ್ತೆ ಅಂತ ಅವರ ಲೆಕ್ಕ. ಇದೊಂದನ್ನೇ ಓದಿದ್ರೆ ಚರ್ಚೆ ಮುಗಿಯಿತು ಅನ್ಸುತ್ತೆ.

ಮುಗಿದಿಲ್ಲ. ಸ್ಕಾಟ್ಲೆಂಡ್‌ನಲ್ಲಿ 2007ರಲ್ಲಿ ಬಾಲ ಕತ್ತರಿಸುವುದನ್ನು ಪೂರ್ತಿ ನಿಷೇಧಿಸಿದರು. ಬೇಟೆಗೆ ಹೋಗುವ ನಾಯಿಗಳ ಮಾಲೀಕರು ಗೊಣಗಿದರು. ಗ್ಲ್ಯಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಅವರನ್ನೇ ಸಮೀಕ್ಷೆ ಮಾಡಿದಾಗ, ಒಂದೇ ಬೇಟೆ ಹಂಗಾಮಿನಲ್ಲಿ ಬಾಲ ಕತ್ತರಿಸದ ಸ್ಪ್ಯಾನಿಯಲ್‌ಗಳಲ್ಲಿ 56.6 ಶೇಕಡ ನಾಯಿಗಳಿಗೆ ಬಾಲದ ಗಾಯ ಆಗಿದೆ ಅಂತ ಉತ್ತರ ಬಂತು. ಮಾಲೀಕರೇ ಹೇಳಿದ್ದು, ಸಣ್ಣಪುಟ್ಟ ತರಚು ಗಾಯವೂ ಅದರಲ್ಲಿ ಸೇರಿದೆ. ಆದರೂ ತಳ್ಳಿಹಾಕುವಂಥ ಅಂಕಿ ಅಲ್ಲ. ಸ್ಪ್ಯಾನಿಯಲ್ ದಟ್ಟ ಮುಳ್ಳುಪೊದೆಯೊಳಗೆ ನುಗ್ಗಿ, ಬಾಲ ಬಿಡದೆ ಬೀಸುತ್ತಾ ಹಕ್ಕಿ ಎಬ್ಬಿಸುವ ನಾಯಿ. ಅದರ ಬಾಲದ ತುದಿ ಹರಿಯೋದು ಸಹಜ. 2017ರಲ್ಲಿ ಸ್ಕಾಟ್ಲೆಂಡ್ ಕಾನೂನು ಸಡಿಲಿಸಿತು. ಯಾರಿಗೆ? ಬೇಟೆ ಕೆಲಸಕ್ಕೆಂದೇ ಬೆಳೆಸುವ ಸ್ಪ್ಯಾನಿಯಲ್ ಮತ್ತು ಅದೇ ಥರದ ಕೆಲವು ಬೇಟೆ ತಳಿಗಳಿಗೆ ಮಾತ್ರ. ಅದೂ ಐದು ದಿನದೊಳಗೆ, ಪಶುವೈದ್ಯರಿಂದ, ಬಾಲದ ಕೊನೆಯ ಮೂರನೇ ಒಂದು ಭಾಗ ಅಷ್ಟೇ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ರೆ ನನಗೆ ಅನ್ನಿಸೋದು ಇಷ್ಟು: ಬಾಲದ ಪ್ರಶ್ನೆ ತಳಿಯ ಹೆಸರಿನದ್ದಲ್ಲ, ಕೆಲಸದ್ದು. ನಿಮ್ಮ ನಾಯಿ ದಿನವಿಡೀ ಮುಳ್ಳಿನಲ್ಲಿ ಬಾಲ ಬೀಸುತ್ತಾ ಹಕ್ಕಿ ಹುಡುಕುತ್ತಾ? ಇಲ್ಲ. ನಿಮ್ಮ ಡಾಬರ್‌ಮನ್ ಗೇಟಿನ ಹತ್ತಿರ ಮಲಗಿ, ಸದ್ದಾದರೆ ಎದ್ದು ಬೊಗಳುತ್ತೆ. ಆ ಕೆಲಸಕ್ಕೆ ಬಾಲ ಅಡ್ಡಿಯಲ್ಲ. ಈ ತಳಿ ಹುಟ್ಟಿದ ಜರ್ಮನಿಯಲ್ಲೇ 1998ರಿಂದ ಬಾಲ ಕತ್ತರಿಸುವಂತಿಲ್ಲ; ಈಗ ಅಲ್ಲಿ ಹುಟ್ಟುವ ಡಾಬರ್‌ಮನ್‌ಗಳು ಉದ್ದ ಬಾಲ ಇಟ್ಕೊಂಡೇ ಓಡಾಡ್ತವೆ. ನಮ್ಮಲ್ಲಿ ಮಾತ್ರ "ಒರಿಜಿನಲ್ ಲುಕ್" ಬೇಕು ಅಂತ ಹಟ.

ಬದಲಿಗೆ ಕಾವಲು ನಾಯಿಗೆ ಬಾಲ ಬೇಕೇ ಬೇಕು ಅನ್ನೋದಕ್ಕೆ ಕಾರಣ ಇದೆ. ತೋಟಕ್ಕೆ ಕೂಲಿಯವರು ಬರ್ತಾರೆ, ಹಾಲು ಹಾಕಿಸಿಕೊಳ್ಳೋಕೆ ಮಕ್ಕಳು ಬರ್ತಾರೆ, ಊರ ನಾಯಿಗಳು ಬರ್ತವೆ. ನಾಯಿಯ ಮನಸ್ಸು ಎಲ್ಲರಿಗೂ ಮೊದಲು ಕಾಣೋದು ಬಾಲದಲ್ಲಿ. ಮೇಲೆತ್ತಿ ಬಿಗಿಯಾಗಿ ನಿಲ್ಲಿಸಿದರೆ ಒಂದು ಅರ್ಥ, ಸಡಿಲವಾಗಿ ಅಗಲವಾಗಿ ಬೀಸಿದರೆ ಇನ್ನೊಂದು, ಕಾಲಿನ ಸಂದಿಗೆ ಸೇರಿಸಿದರೆ ಮತ್ತೊಂದು. 2007ರಲ್ಲಿ ಇಟಲಿಯ ಸಂಶೋಧಕರು ಕಂಡುಕೊಂಡಿದ್ದು ಇನ್ನೂ ಸೂಕ್ಷ್ಮ: ಮಾಲೀಕರನ್ನು ಕಂಡಾಗ ನಾಯಿಯ ಬಾಲ ಅದರ ಬಲಕ್ಕೆ ಹೆಚ್ಚು ವಾಲುತ್ತೆ, ಪರಿಚಯವಿಲ್ಲದ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೆ. ಕೆನಡಾದಲ್ಲಿ ಯಂತ್ರದ ನಾಯಿಗೆ ಒಮ್ಮೆ ಉದ್ದ ಬಾಲ, ಒಮ್ಮೆ ಮೋಟು ಬಾಲ ಹಾಕಿ ಬೇರೆ ನಾಯಿಗಳು ಹೇಗೆ ಹತ್ತಿರ ಬರ್ತವೆ ಅಂತ ನೋಡಿದರು. ಉದ್ದ ಬಾಲ ಅಲ್ಲಾಡಿದಾಗ ಧೈರ್ಯವಾಗಿ ಬಂದವು, ಅಲ್ಲಾಡದಾಗ ಹಿಂಜರಿದವು. ಮೋಟು ಬಾಲ ಅಲ್ಲಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಅವಕ್ಕೆ ಅರ್ಥ ಆಗಲಿಲ್ಲ. ಕಚ್ಚುವ ಮುಂಚೆ ಎಚ್ಚರಿಕೆ ಕೊಡುವ ಅಂಗವನ್ನೇ ಕಾವಲು ನಾಯಿಯಿಂದ ತೆಗೆದರೆ ನಷ್ಟ ಯಾರಿಗೆ, ಯೋಚನೆ ಮಾಡಿ.

"ತಲೆಮಾರಿನಿಂದ ಕತ್ತರಿಸ್ತಾ ಬಂದ್ರೆ ಮುಂದೆ ಮೋಟು ಬಾಲದ ಮರಿಯೇ ಹುಟ್ಟುತ್ತೆ" ಅಂತ ಹೇಳುವವರಿಗೆ ಚಿಕ್ಕ ಉತ್ತರ. 1880ರ ದಶಕದಲ್ಲಿ ಜರ್ಮನಿಯ ವೈಸ್‌ಮನ್ ಐದು ತಲೆಮಾರು ಇಲಿಗಳ ಬಾಲ ಕತ್ತರಿಸಿ ನೋಡಿದ. 901 ಮರಿ ಹುಟ್ಟಿದವು, ಎಲ್ಲಕ್ಕೂ ಪೂರ್ತಿ ಬಾಲ ಇತ್ತು. ಪೆಂಬ್ರೋಕ್ ಕಾರ್ಗಿಯಂಥ ಕೆಲವು ತಳಿಗಳಲ್ಲಿ ಹುಟ್ಟಿನಿಂದಲೇ ಮೋಟು ಬಾಲ ಬರೋದುಂಟು, ಅದು ಒಂದು ವಂಶವಾಹಿಯ ಬದಲಾವಣೆಯಿಂದ.

ನಮ್ಮ ಬಾಗಲಕೋಟೆ ಕಡೆಯ ಮುಧೋಳ ನಾಯಿ ನೋಡಿ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ. ಬಯಲಲ್ಲಿ ಬೇಟೆ ಅಟ್ಟಿಸಿಕೊಂಡು ಓಡೋದೇ ಅದರ ಕಸುಬು. ಅದರ ತೆಳ್ಳನೆ ಉದ್ದ ಬಾಲಕ್ಕೆ ಕತ್ತರಿ ಹಾಕುವ ಪದ್ಧತಿಯೇ ಇಲ್ಲ. ನಾಯಿ ಬಾಲ ಡೊಂಕು ಅಂತ ಗಾದೆ ಮಾಡಿದ ಜನ ನಾವು, ಡೊಂಕನ್ನು ಡೊಂಕಾಗೇ ಬಿಟ್ಟಿದ್ದೆವು.

ಕಾನೂನಿನ ವಿಷಯ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಾಣಿಯ ಅಂಗಭಂಗ ಮಾಡೋದನ್ನು ಅಪರಾಧ ಅನ್ನುತ್ತೆ. ದನದ ಕೊಂಬು ತೆಗೆಯೋದು, ಬೀಜ ಒಡೆಯೋದು, ಬರೆ ಹಾಕೋದು, ಮೂಗುದಾರ ಪೋಣಿಸೋದಕ್ಕೆ ಅದೇ ಕಲಂನಲ್ಲಿ ವಿನಾಯಿತಿ ಇದೆ, ನಿಗದಿ ಮಾಡಿದ ರೀತಿಯಲ್ಲಿ ಮಾಡಿದರೆ. ಆ ಪಟ್ಟಿಯಲ್ಲಿ ನಾಯಿ ಬಾಲ ಇಲ್ಲ. ಮೊದಲ ಸಲದ ದಂಡ 10ರಿಂದ 50 ರೂಪಾಯಿ; ಒಂದು ಎಳನೀರಿನ ಬೆಲೆಯೂ ಇಲ್ಲ! ಯಾರೂ ಹೆದರದೇ ಇರೋದಕ್ಕೆ ಅದೂ ಒಂದು ಕಾರಣ ಇರಬೇಕು. ಗಡ್ಡೆಯಾಗಿ ಅಥವಾ ಜಜ್ಜಿಹೋಗಿ ಪಶುವೈದ್ಯರು ಅರಿವಳಿಕೆ ಕೊಟ್ಟು ಬಾಲ ತೆಗೆದರೆ ಅದು ಚಿಕಿತ್ಸೆ, ಆ ಮಾತೇ ಬೇರೆ.

ಹಾಗಾಗಿ ಮಾಡಬೇಕಾದ್ದು ಮರಿ ಮನೆಗೆ ಬಂದ ಮೇಲೆ ಅಲ್ಲ. 2017ರ ನಾಯಿ ತಳಿ ಸಂವರ್ಧನೆ ನಿಯಮದ ಪ್ರಕಾರ ಎಂಟು ವಾರದ ಒಳಗಿನ ಮರಿಯನ್ನು ಮಾರುವಂತಿಲ್ಲ. ಬಾಲ ಹೋಗೋದು ಮೊದಲ ವಾರದಲ್ಲೇ. ನೀವು ನೋಡುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತೆ. ತಾಯಿ ನಾಯಿ ಗಬ್ಬ ಇರುವಾಗಲೇ ಫೋನ್ ಮಾಡಿ, "ನಮ್ಮ ಮರಿಗೆ ಬಾಲ, ಕಿವಿ ಎರಡೂ ಹಾಗೇ ಬಿಡಿ" ಅಂತ ಹೇಳಿ, ವಾಟ್ಸಾಪ್‌ನಲ್ಲಿ ಬರೆದೂ ಕಳಿಸಿ. "ಬಾಲ ಇದ್ರೆ ಯಾರೂ ಕೊಳ್ಳಲ್ಲ ಸಾರ್" ಅಂತಾರೆ. ನಾನೇ ಕೊಳ್ತೀನಲ್ಲ ಅನ್ನಿ. ಈಗಾಗಲೇ ಮೋಟು ಬಾಲದ ನಾಯಿ ಸಾಕಿದ್ದರೆ ಅದನ್ನು ಪ್ರೀತಿಯಿಂದಲೇ ನೋಡಿಕೊಳ್ಳಿ. ಬುಡ ಮುಟ್ಟಿದಾಗ ತಟ್ಟನೆ ತಿರುಗಿದರೆ ಅಥವಾ ಪದೇ ಪದೇ ಅಲ್ಲೇ ನೆಕ್ಕುತ್ತಿದ್ದರೆ ವೈದ್ಯರಿಗೆ ತೋರಿಸಿ.

ಬಾಲ ಇರುವ ನಾಯಿಗೆ ಗೂಡು ಕಟ್ಟುವಾಗ ಅಗಲ ಸ್ವಲ್ಪ ಜಾಸ್ತಿ ಇಡಿ. ಖುಷಿಯಲ್ಲಿ ಬಾಲ ಗೋಡೆಗೆ ಬಡಿದು ಬಡಿದು ತುದಿ ಒಡೆದು ರಕ್ತ ಬರೋದುಂಟು, ಒರಟು ಸಿಮೆಂಟ್ ಗೋಡೆಯಾದ್ರೆ ಇನ್ನೂ ಬೇಗ. ಗಾಯ ಆದರೆ ಶುದ್ಧ ನೀರಿನಿಂದ ತೊಳೆದು, ಸಡಿಲವಾಗಿ ಬಟ್ಟೆ ಸುತ್ತಿ ಆಸ್ಪತ್ರೆಗೆ ಒಯ್ಯಿರಿ. ಬಿಗಿಯಾಗಿ ಕಟ್ಟಬೇಡಿ, ರಬ್ಬರ್ ಬ್ಯಾಂಡ್ ಮಾಡುವ ಕೆಲಸವನ್ನೇ ಆ ಕಟ್ಟು ಮಾಡಿಬಿಡುತ್ತೆ. ಮಳೆಗಾಲದಲ್ಲಿ ನೊಣ ಕೂತು ಹುಳ ಬೀಳೋದು ಬೇಗ, ದಿನಕ್ಕೆರಡು ಸಲ ಬಿಚ್ಚಿ ನೋಡಿ.