ಚೌಡಿಕೆ ಕೇಳಲು ಹೊರಟವರಿಗೆ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಹೋದರೆ, ‘ಉಧೋ ಉಧೋ’ ಅನ್ನುವ ಕೂಗಿನ ನಡುವೆ ‘ಟಂವ್ ಟಂವ್’ ಅನ್ನುವ ನಾದ ಕಿವಿಗೆ ಬೀಳುತ್ತದೆ. ಅದೇ ಚೌಡಿಕೆ. ಹೊಸಬರು ಅನೇಕರು ಅದನ್ನು ಡೋಲಿನ ಜಾತಿಗೆ ಸೇರಿಸಿಬಿಡುತ್ತಾರೆ. ಹತ್ತಿರ ಹೋಗಿ ನೋಡಿ.

ಒಳಗೆ ಟೊಳ್ಳಾದ ಕೊಳಗದಂಥ ಮೈ. ತಳಕ್ಕೆ ಚರ್ಮ, ಮೇಲ್ಬಾಯಿ ತೆರೆದದ್ದು. ಚರ್ಮದ ನಡುವಿನಿಂದ ಹೊರಟ ತಂತಿ ಟೊಳ್ಳನ್ನು ಹಾಯ್ದು, ಮೈಯ ಪಕ್ಕಕ್ಕೆ ಕೂಡಿಸಿದ ಮರದ ತೋಳಿನ ಬಿರಡೆಗೆ ಸುತ್ತಿಕೊಳ್ಳುತ್ತದೆ. ಚೌಡಿಕೆಯನ್ನು ಕಂಕುಳಲ್ಲಿ ಅವುಚಿಕೊಂಡು ಕಡ್ಡಿಯಿಂದ ಮೀಟುತ್ತಾರೆ. ತಂತಿ ಅದುರಿದರೆ ಚರ್ಮವೂ ಅದುರುತ್ತದೆ. ಹಾಗಾಗಿ ಒಂದೇ ಮೀಟಿಗೆ ಶ್ರುತಿಯೂ ಪೆಟ್ಟೂ ಸಿಗುತ್ತವೆ.

ಅರಬ್ಬರ ಊದ್ ಕೂಡ ಮೀಟುವ ವಾದ್ಯವೇ, ಚೌಡಿಕೆಯಂತೆ ಅದಕ್ಕೂ ಮೆಟ್ಟಿಲುಗಳಿಲ್ಲ. ಆದರೆ ಊದ್‌ನ ಕೊರಳ ಮೇಲೆ ಬೆರಳು ಓಡಾಡಿ ರಾಗ ಕಟ್ಟುತ್ತದೆ. ಇರಾಕಿನ ಮುನೀರ್ ಬಶೀರ್ ಹಾಡುಗಾರರಿಲ್ಲದೆ ಅದೊಂದನ್ನೇ ಹಿಡಿದು ಕಛೇರಿ ನಡೆಸಿದರು. ಚೌಡಿಕೆಗೆ ಆ ಹಂಬಲವಿಲ್ಲ. ರಾಗವೆಲ್ಲ ಯಲ್ಲಮ್ಮನ ಪದ ಹಾಡುವ ಜೋಗತಿಯ ಕಂಠದ್ದು; ಪಕ್ಕದಲ್ಲಿ ತಾಳ, ತುಂತುಣಿ. ಹಾಡಿನ ಸಾಲು ಮುಗಿದಲ್ಲಿ ಮೀಟು ಹೇಗೆ ಚುರುಕಾಗುತ್ತದೆ, ಕಥೆ ದುಃಖಕ್ಕೆ ಇಳಿದಾಗ ಹೇಗೆ ತಡೆದು ಬರುತ್ತದೆ, ಅದನ್ನು ಗಮನಿಸಿ. ನನ್ನ ಮಟ್ಟಿಗೆ ಚೌಡಿಕೆಯ ಕಸುಬೆಲ್ಲ ಇರುವುದು ಅಲ್ಲೇ.

ಇದರ ಹುಟ್ಟಿಗೆ ಇಸವಿ ಇಲ್ಲ, ಕಥೆ ಇದೆ: ಪರಶುರಾಮ ವೈರಿಯನ್ನು ಕೊಂದು, ಅವನ ದೇಹದಿಂದಲೇ ವಾದ್ಯ ಮಾಡಿ ತಾಯಿ ಯಲ್ಲಮ್ಮನೆದುರು ನುಡಿಸಿದನಂತೆ. ನರವೇ ತಂತಿ. ಕೇಳಲು ಭೀಕರ, ಹಾಡುವವರಿಗೆ ಅದು ಮಗನ ಭಕ್ತಿ.

ಹಾಡುವವರ ಬಾಳು ಮಾತ್ರ ಕಥೆಯಷ್ಟು ಸಲೀಸಲ್ಲ. ದೇವಿಗೆ ಬಿಟ್ಟ ಹೆಣ್ಣುಮಕ್ಕಳು ಜೋಗತಿಯರಾದರು, ಗಂಡಾಗಿ ಹುಟ್ಟಿ ಹೆಣ್ಣಾದವರು ಜೋಗಪ್ಪಗಳಾದರು. ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಪದ್ಧತಿ ಹೋಗಲೇಬೇಕಿತ್ತು, ಪದ ಹೋಗಬಾರದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಈ ಕಲೆಯನ್ನು ರಂಗಕ್ಕೆ ತಂದರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಗುಡ್ಡಕ್ಕೆ ಹೋದಾಗ ಮೈಕಿನ ಗದ್ದಲದಿಂದ ದೂರ ಕೂತ ಮೇಳ ಹುಡುಕಿ. ಮೊಬೈಲ್ ಎತ್ತುವ ಮೊದಲು ‘ಅವ್ವಾ, ತಗೋಬಹುದೇನ್ರಿ?’ ಅಂತ ಕೇಳಿ. ಪೂರ್ತಿ ಒಂದು ಪದ ಕೇಳಿ, ಕಾಣಿಕೆ ಕೊಟ್ಟೇ ಏಳಿ.