ಬಣ್ಣದ ಗಾಜಿನ ಕಿಟಕಿಯನ್ನು ಓದುವುದು ಹೇಗೆ?



ದೇವಾಲಯದ ಬಣ್ಣದ ಗಾಜಿನ ಕಿಟಕಿ ನೋಡಿ ನಾವೆಲ್ಲ "ಎಷ್ಟು ಚೆಂದ!" ಅಂತೀವಿ, ಮುಂದೆ ಹೋಗ್ತೀವಿ. ಆದರೆ ಅದು ಬರೀ ಅಲಂಕಾರವಲ್ಲ. ಅಕ್ಷರ ಬಾರದವರಿಗೂ ಬೋಧಿಸುವ ಪಾಠ ಅದು.

ಫ್ರಾನ್ಸ್ ದೇಶದಲ್ಲಿ ಪ್ಯಾರಿಸ್‌ನಿಂದ ಸುಮಾರು 80 ಕಿ.ಮೀ. ದೂರದಲ್ಲಿ ಶಾರ್ತ್ರ್ ಎಂಬ ಊರಿದೆ. ಅಲ್ಲಿ ಗುಡ್ಡದ ಮೇಲೆ ಮಾತೆ ಮರಿಯಮ್ಮನವರ ಪ್ರಧಾನಾಲಯ. 1194ರ ಬೆಂಕಿಯಲ್ಲಿ ಹಳೆಯ ಕಟ್ಟಡದ ಹೆಚ್ಚಿನ ಭಾಗ ಹಾಳಾಯಿತು. ಮತ್ತೆ ಕಟ್ಟುವಾಗ ಸುತ್ತಲೂ ಬಣ್ಣದ ಗಾಜಿನ ಕಿಟಕಿಗಳನ್ನಿಟ್ಟರು. 1939ರಲ್ಲಿ ಯುದ್ಧದ ಭಯಕ್ಕೆ ಆ ಗಾಜುಗಳನ್ನು ಬಿಚ್ಚಿ ಜೋಪಾನ ಮಾಡಿದ್ದರಿಂದ ಇಂದಿಗೂ ಉಳಿದಿವೆ.

ಅವುಗಳಲ್ಲೊಂದು ಒಳ್ಳೆಯ ಸಮಾರಿಯದವನ ಕಿಟಕಿ. ಸುಮಾರು 800 ವರ್ಷ ಹಳೆಯದು. ಇದನ್ನು ಬೆಟ್ಟ ಹತ್ತಿದ ಹಾಗೆ ಕೆಳಗಿನಿಂದ ಮೇಲಕ್ಕೆ ಓದಬೇಕು.

1. ತಳದಲ್ಲಿ ಪಾದರಕ್ಷೆ ಮಾಡುವ ಕೆಲಸಗಾರರು. ಕಿಟಕಿಯನ್ನು ಅವರೇ ಅರ್ಪಿಸುತ್ತಿರುವಂತೆ ಚಿತ್ರವಿದೆ.

2. ಅದರ ಮೇಲೆ ಲೂಕನ ಶುಭಸಂದೇಶ 10ನೇ ಅಧ್ಯಾಯದ ಸಾಮತಿ. ಜೆರುಸಲೇಮಿನಿಂದ ಜೆರಿಕೊಗೆ ಹೊರಟವನನ್ನು ಕಳ್ಳರು ಹೊಡೆದು ಬೀಳಿಸ್ತಾರೆ. ಯಾಜಕ, ಲೇವಿಯ ನೋಡಿಯೂ ದಾಟಿಹೋಗ್ತಾರೆ. ಸಮಾರಿಯದವನು ಗಾಯ ಕಟ್ಟಿ ಛತ್ರಕ್ಕೆ ಸೇರಿಸುತ್ತಾನೆ.

3. ಇನ್ನೂ ಮೇಲೆ ಆದಾಮ, ಹವ್ವ ಪಾಪಕ್ಕೆ ಬಿದ್ದು ತೋಟದಿಂದ ಹೊರಬೀಳುವ ಕಥೆ.

4. ತುತ್ತತುದಿಯಲ್ಲಿ ಪ್ರಭು ಕ್ರಿಸ್ತರು.

ಎರಡು ಕಥೆಗಳು ಒಂದೇ ಕಿಟಕಿಯಲ್ಲಿ ಯಾಕೆ? 3ನೇ ಶತಮಾನದ ಒರಿಜೆನ್ ಎಂಬ ಪಂಡಿತರ ಬರಹದಲ್ಲೇ ಇದರ ಅರ್ಥ ಸಿಗುತ್ತದೆ. ಜೆರುಸಲೇಮ್ ಎಂದರೆ ಪರಲೋಕದ ತೋಟ, ಜೆರಿಕೊ ಎಂದರೆ ಈ ಲೋಕ. ದಾರಿಯಲ್ಲಿ ಬಿದ್ದವನು ಆದಾಮ, ಅಂದರೆ ನಾವೇ. ಎತ್ತಿಕೊಂಡವರು ಕ್ರಿಸ್ತರು. ಛತ್ರವೇ ಧರ್ಮಸಭೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಒಂದು ಜಾತ್ರೆಯ ದಿನ ನಮ್ಮ ಮೆಟ್ಟಿಲ ಮೇಲೆ ಅಜ್ಜಿಯೊಬ್ಬರು ತಲೆಸುತ್ತಿ ಬಿದ್ದರು. ಆಫೀಸಿನ ಕಿಟಕಿಯಿಂದ ನೋಡಿದೆ. ಎದುರಿಗೆ ರಸೀದಿಯ ಸಾಲಿತ್ತು, "ಯಾರಾದರೂ ಎತ್ತುತ್ತಾರೆ" ಅಂದ್ಕೊಂಡು ಬರೆಯುತ್ತಲೇ ಇದ್ದೆ. ಕಡಲೆಕಾಯಿ ಮಾರುವ ಹುಡುಗ ಓಡಿಹೋಗಿ ನೀರು ಕೊಟ್ಟ. ಮರುವಾರ ಗುರುಗಳು ಪುಸ್ತಕದಲ್ಲಿ ಈ ಕಿಟಕಿಯ ಚಿತ್ರ ತೋರಿಸಿದಾಗ ದಾಟಿಹೋಗುವ ಯಾಜಕನಲ್ಲಿ ನನ್ನನ್ನೇ ಕಂಡೆ. ಬಿದ್ದವನೂ ನಾನೇ, ದಾಟಿಹೋದವನೂ ನಾನೇ.

ಹೊರಗೆ ನಿಂತರೆ ಆ ಗಾಜು ಕಪ್ಪಾಗಿ ಕಾಣುತ್ತದೆ. ಒಳಗೆ ಬಂದು ಬೆಳಕಿಗೆ ಮುಖ ಮಾಡಿದರೆ ಬಣ್ಣ ತೆರೆಯುತ್ತದೆ. ಇಳಿಯುವಾಗ ಮೆಟ್ಟಿಲ ಮೇಲೆ ಸುಸ್ತಾಗಿ ಕೂತವರಿದ್ದರೆ ದಯವಿಟ್ಟು ಒಂದು ನಿಮಿಷ ನಿಲ್ಲಿ. ಕಿಟಕಿಯ ಪಾಠ ಅಷ್ಟೇ.

ದೇವರ ಆಶೀರ್ವಾದ ನಿಮ್ಮ ಮೇಲಿರಲಿ.